ಹಳೆಯ ಟಿವಿ, ಹಳೆಯ ಸ್ಪೀಕರ್: ಕಡಿಮೆ ಖರ್ಚಿನಲ್ಲಿ ಹೊಸತನ ತರುವ ಸಮಗ್ರ ಮಾರ್ಗದರ್ಶಿ

ಹದಿನೈದು ವರ್ಷದ ಆ್ಯಂಪ್ಲಿಫೈಯರ್, ಅದಕ್ಕಿಂತಲೂ ಹಳೆಯ ಒಂದು ಜೋಡಿ ಸ್ಪೀಕರ್, ಹತ್ತು ವರ್ಷದ ಟಿವಿ. ಸಂಭಾಷಣೆ ಸ್ಪಷ್ಟವಾಗಿ ಕೇಳಿಸುತ್ತಿಲ್ಲ, ಚಿತ್ರ ಮಂಕಾಗಿದೆ, ಹೊಸ ಆ್ಯಪ್‌ಗಳು ತೆರೆದುಕೊಳ್ಳುತ್ತಿಲ್ಲ ಎಂದಾದಾಗ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಬಿಡೋಣ ಎಂದು ಅನ್ನಿಸುವುದು ಸಹಜವೇ. ಆದರೆ ಈ ಸಾಧನಗಳೆಲ್ಲ ಒಂದೇ ವೇಗದಲ್ಲಿ ಹಳತಾಗುವುದಿಲ್ಲ. ಚೆನ್ನಾಗಿ ನೋಡಿಕೊಂಡ ಸ್ಪೀಕರ್ ಮೂವತ್ತು ವರ್ಷ ಬಾಳುತ್ತದೆ. ಟಿವಿಯ ಪರದೆ ಹತ್ತು ವರ್ಷವಾದರೂ ಕೆಲಸ ಮಾಡುತ್ತಿರುತ್ತದೆ. ಅದರೊಳಗಿನ ಸಾಫ್ಟ್‌ವೇರ್ ಮಾತ್ರ ಐದಾರು ವರ್ಷಕ್ಕೇ ಸೋತುಹೋಗುತ್ತದೆ. ಹೆಚ್ಚಿನ ಮನೆಗಳಲ್ಲಿ ನಿಜವಾಗಿ ಹಳತಾಗಿರುವುದು ಸಾಧನಗಳಲ್ಲ, ಅವುಗಳ ನಡುವಿನ ಜೋಡಣೆ. ಆದ್ದರಿಂದ ಹಣ ಬೇಡದ ಕೆಲಸ ಮೊದಲು, ಅಲ್ಪ ಹಣದ ಕೆಲಸ ಆಮೇಲೆ, ದೊಡ್ಡ ಖರೀದಿ ಕೊನೆಗೆ ಎಂಬ ಕ್ರಮದಲ್ಲಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಅರ್ಧ ದಾರಿಯಲ್ಲೇ ತೃಪ್ತಿಯಾದರೆ ಅಲ್ಲಿಗೇ ನಿಲ್ಲಿಸಬಹುದು.

ಮೊದಲ ಹಂತ: ದೋಷ ಎಲ್ಲಿದೆ ಎಂದು ಪತ್ತೆಹಚ್ಚುವುದು

ಟಿವಿ, ಆ್ಯಂಪ್ಲಿಫೈಯರ್, ಡಿವಿಡಿ ಪ್ಲೇಯರ್, ಸೆಟ್ ಟಾಪ್ ಬಾಕ್ಸ್ ಎಲ್ಲವುಗಳ ಹಿಂಬದಿಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಯಾವ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಬಿಚ್ಚಿದ ಮೇಲೆ ನೆನಪಿರುವುದಿಲ್ಲ. ಅದೇ ಫೋಟೊದಲ್ಲಿ ಯಾವ ಯಾವ ಸಾಕೆಟ್‌ಗಳಿವೆ ಎಂಬುದನ್ನೂ ಗುರುತಿಸಿಕೊಳ್ಳಿ: ಕೆಂಪು ಮತ್ತು ಬಿಳಿ ಬಣ್ಣದ ಆರ್‌ಸಿಎ, ಧ್ವನಿಯನ್ನು ಬೆಳಕಿನ ರೂಪದಲ್ಲಿ ಕಳಿಸುವ ಚೌಕಾಕಾರದ ಪುಟ್ಟ ಆಪ್ಟಿಕಲ್ ಕಿಂಡಿ, ಚಿತ್ರ ಮತ್ತು ಧ್ವನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ, ಹೆಡ್‌ಫೋನ್ ಸಾಕೆಟ್. ಮುಂದೆ ಏನನ್ನು ಕೊಳ್ಳಬೇಕು, ಏನು ಬೇಕಿಲ್ಲ ಎಂಬುದನ್ನು ನಿರ್ಧರಿಸುವುದು ಈ ಫೋಟೊಗಳೇ.

ಒಂದು ಕಡೆಯ ಧ್ವನಿ ಬರುತ್ತಿಲ್ಲವಾದರೆ ಅದಲುಬದಲು ಪರೀಕ್ಷೆ ಮಾಡಿ. ಎಡ ಸ್ಪೀಕರ್ ಮೌನವಾಗಿದೆ ಎಂದುಕೊಳ್ಳೋಣ. ಆ್ಯಂಪ್ಲಿಫೈಯರ್ ಆಫ್ ಮಾಡಿ, ಅದರ ಹಿಂಬದಿಯಲ್ಲಿ ಎಡ ಸ್ಪೀಕರ್‌ನ ವೈರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಜೋಡಿಸಿ. ಎಡ ಸ್ಪೀಕರ್ ಈಗಲೂ ಮೌನವಾಗಿದ್ದರೆ ತೊಂದರೆ ಇರುವುದು ಆ ಸ್ಪೀಕರ್‌ನಲ್ಲಿ ಅಥವಾ ಅದರ ವೈರಿನಲ್ಲಿ. ಎಡದ್ದು ಹಾಡತೊಡಗಿ ಬಲದ್ದು ಮೌನವಾದರೆ ತೊಂದರೆ ಅದಕ್ಕಿಂತ ಹಿಂದಿದೆ. ಆಗ ವೈರುಗಳನ್ನು ಮೊದಲಿನಂತೆ ಮಾಡಿ, ಆ್ಯಂಪ್ಲಿಫೈಯರ್‌ಗೆ ಬರುವ ಕೆಂಪು ಮತ್ತು ಬಿಳಿ ಪಿನ್‌ಗಳನ್ನು ಅದಲುಬದಲು ಮಾಡಿ ನೋಡಿ. ಮೌನ ಇನ್ನೊಂದು ಬದಿಗೆ ಜಾರಿದರೆ ಕೇಬಲ್ ಅಥವಾ ಪ್ಲೇಯರ್ ಕೆಟ್ಟಿದೆ; ಜಾರದಿದ್ದರೆ ಆ್ಯಂಪ್ಲಿಫೈಯರ್. ಹತ್ತು ನಿಮಿಷದ ಈ ಕೆಲಸವನ್ನು ಮಾಡದೆ ಯಾವುದನ್ನೂ ಕೊಳ್ಳಬೇಡಿ.

ಎರಡನೆಯ ಹಂತ: ಸ್ವಚ್ಛತೆ ಮತ್ತು ಸಣ್ಣ ದುರಸ್ತಿ

ವಾಲ್ಯೂಮ್ ತಿರುಗಿಸುವಾಗ ಬರುವ ಕರಕರ ಸದ್ದನ್ನು ಕೇಳಿ ಅನೇಕರು ಆ್ಯಂಪ್ಲಿಫೈಯರ್‌ನ ಆಯಸ್ಸು ಮುಗಿಯಿತು ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ವಾಲ್ಯೂಮ್ ನಿಯಂತ್ರಕದ ಒಳಗಿನ ಪಟ್ಟಿಯ ಮೇಲೆ ಕೂತ ದೂಳು ಮತ್ತು ತುಕ್ಕು. ಮೊದಲು ವಿದ್ಯುತ್ ಪ್ಲಗ್ ಕಿತ್ತು, ಗುಂಡಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೂವತ್ತು ನಲವತ್ತು ಸಲ ತಿರುಗಿಸಿ ನೋಡಿ. ಎಷ್ಟೋ ಸಲ ಇಷ್ಟರಲ್ಲೇ ಸದ್ದು ಕಡಿಮೆಯಾಗುತ್ತದೆ. ಆಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಎಂಬ ಸ್ಪ್ರೇ ಇದೆ. ಅದನ್ನು ಬಳಸಲು ಪೆಟ್ಟಿಗೆ ತೆರೆಯಬೇಕಾಗುತ್ತದೆ. ಪ್ಲಗ್ ಕಿತ್ತ ಮೇಲೂ ಆ್ಯಂಪ್ಲಿಫೈಯರ್‌ನ ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ ಎಂಬುದನ್ನು ಅರಿತವರು ಮಾತ್ರ ಅದಕ್ಕೆ ಕೈ ಹಾಕಬೇಕು, ಉಳಿದವರು ಮೆಕ್ಯಾನಿಕ್ ಬಳಿ ಒಯ್ಯಬೇಕು. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯನ್ನಂತೂ ಮನೆಯಲ್ಲಿ ತೆರೆಯಲೇಬಾರದು. ಅದರೊಳಗಿನ ವೋಲ್ಟೇಜ್ ಸಾವಿರಗಳಲ್ಲಿರುತ್ತದೆ.

ಸ್ಪೀಕರ್‌ನ ಮುಂಭಾಗದ ಬಟ್ಟೆಯ ಚೌಕಟ್ಟನ್ನು ತೆಗೆದು, ಮಂದ್ರ ಸ್ವರಗಳನ್ನು ನುಡಿಸುವ ದೊಡ್ಡ ಘಟಕವಾದ ವೂಫರ್‌ನ ಅಂಚನ್ನು ಪರೀಕ್ಷಿಸಿ. ಶಂಕುವಿನಾಕಾರದ ಕಾಗದವನ್ನು ಲೋಹದ ಚೌಕಟ್ಟಿಗೆ ಸೇರಿಸುವ ಆ ಅಂಚು ರಬ್ಬರಿನದಾಗಿದ್ದರೆ ಹೆಚ್ಚು ಕಾಲ ಉಳಿಯುತ್ತದೆ. ಫೋಮ್‌ನದಾಗಿದ್ದರೆ ತೇವಾಂಶ ಮತ್ತು ಬಿಸಿಲಿಗೆ ಹತ್ತರಿಂದ ಇಪ್ಪತ್ತು ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ. ನನ್ನ ಹಳೆಯ ಜೋಡಿಯಲ್ಲಿ ಮಂದ್ರ ಸ್ವರಗಳು ಬಡಬಡ ಎನ್ನತೊಡಗಿದಾಗ ಆ್ಯಂಪ್ಲಿಫೈಯರನ್ನೇ ಸಂಶಯಿಸಿ ತಿಂಗಳುಗಟ್ಟಲೆ ಕಳೆದೆ. ಒಂದು ದಿನ ಬಟ್ಟೆ ತೆಗೆದು ಅಂಚಿಗೆ ಬೆರಳು ಮುಟ್ಟಿಸಿದರೆ ಅದು ಕಾಡಿಗೆಯಂತೆ ಕಪ್ಪಾಗಿ ಬೆರಳಿಗೇ ಅಂಟಿಕೊಂಡಿತು. ಇಂಥ ಅಂಚನ್ನು ಮಾತ್ರ ಬದಲಾಯಿಸುವ ಕಿಟ್‌ಗಳು ಸಿಗುತ್ತವೆ. ವೂಫರ್‌ನ ಅಳತೆ ನೋಡಿ ಕೊಂಡು, ಹಳೆಯ ಅಂಟನ್ನು ತಾಳ್ಮೆಯಿಂದ ಕೆರೆದು, ಹೊಸದನ್ನು ಅಂಟಿಸಿ ಒಂದು ದಿನ ಒಣಗಲು ಬಿಟ್ಟರೆ ಸ್ಪೀಕರ್ ಮತ್ತೆ ಹತ್ತಾರು ವರ್ಷ ದುಡಿಯುತ್ತದೆ. ಅಂಟಿಸುವ ಮುನ್ನ ಶಂಕುವನ್ನು ಎರಡೂ ಬದಿಯಿಂದ ಸಮನಾಗಿ, ಮೆಲ್ಲಗೆ ಒತ್ತಿ ನೋಡಿ. ಒಳಗೆ ಉಜ್ಜಿದ ಸದ್ದು ಬಂದರೆ ಶಂಕುವನ್ನು ಅಲುಗಿಸುವ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಬಾಗಿದೆ ಎಂದರ್ಥ, ಆಗ ಅಂಚು ಬದಲಾಯಿಸಿ ಪ್ರಯೋಜನವಿಲ್ಲ.

ಸ್ಪೀಕರ್ ವೈರಿನ ತುದಿ ಹಸಿರು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಆ ಭಾಗವನ್ನು ಕತ್ತರಿಸಿ, ಹೊಸದಾಗಿ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಸೇರಿಸಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಆ್ಯಂಪ್ಲಿಫೈಯರ್ ಸುಟ್ಟುಹೋಗಬಹುದು. ಹೊಸ ವೈರ್ ಬೇಕಿದ್ದರೆ 8 ಓಮ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರ್‌ಗೆ ಹತ್ತು ಮೀಟರ್‌ವರೆಗೆ 1.5 ಚದರ ಮಿಲಿಮೀಟರ್‌ನ ಸಾಮಾನ್ಯ ತಾಮ್ರದ ವೈರ್ ಸಾಕು. ದುಬಾರಿ ಸ್ಪೀಕರ್ ಕೇಬಲ್‌ಗೆ ಹಣ ಸುರಿಯುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಮೂರನೆಯ ಹಂತ: ಖರ್ಚಿಲ್ಲದೆ ಆಗುವ ಸುಧಾರಣೆ

ಸ್ಪೀಕರ್‌ಗಳನ್ನು ಇಟ್ಟಿರುವ ಜಾಗ ಧ್ವನಿಯನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ಒಮ್ಮೆ ಕೇಳಿಯೇ ತಿಳಿಯಬೇಕು. ಎರಡು ಸ್ಪೀಕರ್‌ಗಳು ಮತ್ತು ನೀವು ಕೂರುವ ಜಾಗ ಸೇರಿ ಸಮಭುಜ ತ್ರಿಕೋನವಾಗುವಂತೆ ಇಡಿ. ಅಂದರೆ ಸ್ಪೀಕರ್‌ಗಳ ನಡುವೆ ಎರಡು ಮೀಟರ್ ಅಂತರವಿದ್ದರೆ ನೀವು ಪ್ರತಿಯೊಂದರಿಂದಲೂ ಸುಮಾರು ಎರಡು ಮೀಟರ್ ದೂರದಲ್ಲಿರಬೇಕು. ತಾರ ಸ್ವರಗಳನ್ನು ನುಡಿಸುವ ಮೇಲಿನ ಸಣ್ಣ ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕೆ ಬರಲಿ. ಕಪಾಟಿನ ಮೂಲೆಯಲ್ಲಿ ತುರುಕಿದ ಸ್ಪೀಕರ್‌ನಿಂದ ಮಂದ್ರ ಸ್ವರ ಊದಿಕೊಂಡು ಮಾತುಗಳು ಮಸುಕಾಗುತ್ತವೆ. ಗೋಡೆಯಿಂದ ಎರಡು ಗೇಣು ಮುಂದಕ್ಕೆ ಎಳೆದು, ಸ್ಪೀಕರ್‌ನ ಮುಂಭಾಗ ಶೆಲ್ಫಿನ ಅಂಚಿಗೆ ಸರಿಯಾಗಿ ಬರುವಂತೆ ಇಟ್ಟು ಕೇಳಿ. ಬರಿಯ ನೆಲ, ಬರಿಯ ಗೋಡೆಗಳ ಕೋಣೆಯಾದರೆ ದಪ್ಪ ಪರದೆ ಮತ್ತು ಜಮಖಾನ ಹಾಸಿದರೂ ಪ್ರತಿಧ್ವನಿ ತಗ್ಗುತ್ತದೆ.

ಎರಡೂ ಸ್ಪೀಕರ್‌ಗಳ ಪ್ಲಸ್ ಮತ್ತು ಮೈನಸ್ ಸರಿಯಾಗಿವೆಯೇ ಎಂದು ನೋಡಿ. ಒಂದರಲ್ಲಿ ತಿರುವುಮುರುವಾಗಿದ್ದರೆ ಒಂದರ ಶಂಕು ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿದು, ಮಂದ್ರ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ವೈರಿನ ಮೇಲಿನ ಗುರುತು ಅಳಿಸಿದ್ದರೆ ಅದರ ಆ್ಯಂಪ್ಲಿಫೈಯರ್ ಕಡೆಯ ತುದಿಗಳನ್ನು ಬಿಚ್ಚಿ, 1.5 ವೋಲ್ಟ್‌ನ ಸಾಮಾನ್ಯ ಬ್ಯಾಟರಿಗೆ ಕ್ಷಣಕಾಲ ಮುಟ್ಟಿಸಿ. ವೂಫರ್ ಹೊರಕ್ಕೆ ಚಿಮ್ಮಿದರೆ ಬ್ಯಾಟರಿಯ ಪ್ಲಸ್‌ಗೆ ತಾಗಿದ ಎಳೆಯೇ ಪ್ಲಸ್.

ಇನ್ನು ಟಿವಿಯ ಚಿತ್ರ. ಅಂಗಡಿಯ ಪ್ರಖರ ಬೆಳಕಿನಲ್ಲಿ ಕಣ್ಣು ಸೆಳೆಯಲೆಂದು ಇರುವ ವಿವಿಡ್ ಅಥವಾ ಡೈನಾಮಿಕ್ ಮೋಡ್‌ನಲ್ಲೇ ಎಷ್ಟೋ ಟಿವಿಗಳು ವರ್ಷಗಟ್ಟಲೆ ಓಡುತ್ತಿರುತ್ತವೆ. ಸಿನಿಮಾ ಅಥವಾ ಮೂವಿ ಮೋಡ್ ಆರಿಸಿ, ಬಣ್ಣದ ಉಷ್ಣತೆಯನ್ನು ವಾರ್ಮ್ ಮಾಡಿ. ಮೊದಲೆರಡು ದಿನ ಚಿತ್ರ ಹಳದಿಯಾಗಿ ಕಾಣುತ್ತದೆ, ಆಮೇಲೆ ಮೊದಲಿನದ್ದೇ ನೀಲಿಯಾಗಿತ್ತು ಎಂದು ಕಣ್ಣಿಗೆ ಗೊತ್ತಾಗುತ್ತದೆ. ಶಾರ್ಪ್‌ನೆಸ್ಸನ್ನು ಬಹಳ ಕೆಳಕ್ಕೆ ಇಳಿಸಿ. ಅದು ವಿವರವನ್ನು ಹೆಚ್ಚಿಸುವುದಿಲ್ಲ, ಅಂಚುಗಳ ಸುತ್ತ ಬಿಳಿಯ ಗೆರೆ ಬರೆಯುತ್ತದೆ ಅಷ್ಟೇ. ಸಿನಿಮಾವನ್ನು ಧಾರಾವಾಹಿಯಂತೆ ನುಣುಪಾಗಿ ಕಾಣಿಸುವ ಮೋಷನ್ ಸ್ಮೂದಿಂಗ್ ಸೌಲಭ್ಯವನ್ನು ಆಫ್ ಮಾಡಿ. ಮಾನಿಟರಿನಂತೆ ಪೂರ್ಣ ಚಿತ್ರವನ್ನು ತೋರಿಸುವ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಎಂಬ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಹಳೆಯ ಟಿವಿಗಳು ಚಿತ್ರದ ನಾಲ್ಕೂ ಅಂಚನ್ನು ಸ್ವಲ್ಪ ಕತ್ತರಿಸಿ, ಉಳಿದದ್ದನ್ನು ಹಿಗ್ಗಿಸಿ ತೋರಿಸುತ್ತವೆ. ಎಲ್‌ಇಡಿ ಟಿವಿಯ ಬ್ಯಾಕ್‌ಲೈಟನ್ನು ಕೋಣೆಯ ಬೆಳಕಿಗೆ ತಕ್ಕಷ್ಟು ಇಳಿಸಿದರೆ ಕಣ್ಣಿಗೂ ಹಿತ, ದೀಪಗಳ ಬಾಳಿಕೆಯೂ ಹೆಚ್ಚುತ್ತದೆ.

ನಾಲ್ಕನೆಯ ಹಂತ: ಹೊಸ ಟಿವಿಗೂ ಹಳೆಯ ಆ್ಯಂಪ್ಲಿಫೈಯರ್‌ಗೂ ಬೆಸುಗೆ

ಹೆಚ್ಚಿನವರು ಮುಗ್ಗರಿಸುವುದು ಇಲ್ಲಿ, ಅತಿ ಕಡಿಮೆ ಹಣದಲ್ಲಿ ಅತಿ ಹೆಚ್ಚು ಲಾಭ ಸಿಗುವುದೂ ಇಲ್ಲೇ. ಟಿವಿಯೊಳಗಿನ ಪುಟ್ಟ ಸ್ಪೀಕರ್‌ಗಳು ತೆಳುವಾದ ಪೆಟ್ಟಿಗೆಯಲ್ಲಿ, ಬಹುಪಾಲು ಕೆಳಮುಖವಾಗಿ ಅಥವಾ ಹಿಮ್ಮುಖವಾಗಿ ಇರುತ್ತವೆ. ಮಾತು ಕೇಳಿಸುತ್ತಿಲ್ಲ ಎಂಬ ದೂರಿನ ಮೂಲ ಅದು. ಮೂಲೆಯಲ್ಲಿ ದೂಳು ಹಿಡಿದಿರುವ ಸ್ಟೀರಿಯೊಗೆ ಟಿವಿಯ ಧ್ವನಿಯನ್ನು ತಲುಪಿಸಿದರೆ ಸಾಕು, ಅರ್ಧ ಕೆಲಸ ಮುಗಿಯಿತು.

ಟಿವಿಯ ಹಿಂಬದಿಯಲ್ಲಿ ಕೆಂಪು ಮತ್ತು ಬಿಳಿ ಆಡಿಯೊ ಔಟ್ ಇದ್ದರೆ ಒಂದು ಆರ್‌ಸಿಎ ಕೇಬಲ್ ಹಾಕಿ, ಆ್ಯಂಪ್ಲಿಫೈಯರ್‌ನ ಆಕ್ಸ್ ಅಥವಾ ಸಿಡಿ ಇನ್‌ಪುಟ್‌ಗೆ ಜೋಡಿಸಿ. ಫೋನೊ ಎಂದು ಬರೆದಿರುವ ಇನ್‌ಪುಟ್‌ಗೆ ಮಾತ್ರ ಹಾಕಬೇಡಿ. ಅದು ಗ್ರಾಮಫೋನ್ ತಟ್ಟೆಯ ಸೂಜಿಯಿಂದ ಬರುವ ಕೆಲವೇ ಮಿಲಿವೋಲ್ಟ್‌ಗಳ ಸಂಕೇತಕ್ಕಾಗಿ ಇರುವುದು, ಟಿವಿಯ ಸಂಕೇತ ಅಲ್ಲಿ ಕರ್ಕಶವಾಗಿ ಒಡೆಯುತ್ತದೆ. ಹೊಸ ಟಿವಿಗಳಲ್ಲಿ ಆರ್‌ಸಿಎ ಔಟ್ ಅಪರೂಪ. ಅಲ್ಲಿ ಆಪ್ಟಿಕಲ್ ಔಟ್ ಇದ್ದರೆ ನಡುವೆ ಒಂದು ಡ್ಯಾಕ್ ಬೇಕು: ಬೆಂಕಿಪೊಟ್ಟಣದಷ್ಟು ಗಾತ್ರದ, ಡಿಜಿಟಲ್ ಸಂಕೇತವನ್ನು ಹಳೆಯ ಆ್ಯಂಪ್ಲಿಫೈಯರ್‌ಗೆ ಅರ್ಥವಾಗುವ ಅನಲಾಗ್‌ಗೆ ಬದಲಿಸುವ ಸಾಧನ. ಆಪ್ಟಿಕಲ್ ಕೇಬಲ್ ಹಾಕುವಾಗ ಅದರ ತುದಿಯ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆಯಲು ಮರೆಯಬೇಡಿ, ಕೇಬಲನ್ನು ಚೂಪಾಗಿ ಮಡಚಬೇಡಿ.

ಡ್ಯಾಕ್ ಜೋಡಿಸಿದ ಮೇಲೆ ಒಂದು ಸೆಟ್ಟಿಂಗ್ ಇದೆ. ಅದನ್ನು ತಿಳಿಯದೆ ನಾನು ಒಂದು ವಾರ ಪರದಾಡಿದ್ದೇನೆ. ಸುದ್ದಿ ವಾಹಿನಿಗಳೆಲ್ಲ ಚೆನ್ನಾಗಿ ಕೇಳಿಸುತ್ತಿದ್ದವು, ಸಿನಿಮಾ ಹಾಕಿದೊಡನೆ ಸ್ಪೀಕರ್ ಮೌನವಾಗುತ್ತಿತ್ತು. ಡ್ಯಾಕ್ ಕೆಟ್ಟಿದೆ ಎಂದು ಹಿಂದಿರುಗಿಸಲು ಹೊರಟಿದ್ದೆ. ಟಿವಿಯ ಧ್ವನಿ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಎಂಬುದು ಆಟೊ ಸ್ಥಿತಿಯಲ್ಲಿತ್ತು: ಸ್ಟೀರಿಯೊ ಕಾರ್ಯಕ್ರಮಗಳನ್ನು ಟಿವಿ ಪಿಸಿಎಂ ಎಂಬ ಸರಳ ಡಿಜಿಟಲ್ ರೂಪದಲ್ಲಿ ಕಳಿಸುತ್ತಿತ್ತು, ಸಿನಿಮಾಗಳನ್ನು ಹಲವು ಸ್ಪೀಕರ್‌ಗಳ ಧ್ವನಿಯನ್ನು ಅಡಕಗೊಳಿಸಿದ ಡಾಲ್ಬಿ ಡಿಜಿಟಲ್ ರೂಪದಲ್ಲಿ. ಸಾಮಾನ್ಯ ಡ್ಯಾಕ್‌ಗೆ ಎರಡನೆಯದು ಅರ್ಥವಾಗುವುದಿಲ್ಲ. ಆಟೊ ಬದಲು ಪಿಸಿಎಂ ಆರಿಸಿದ ಕೂಡಲೇ ಎಲ್ಲವೂ ಸರಿಯಾಯಿತು. ಹೀಗೆ ಮಾಡಿದಾಗ ಟಿವಿಯೇ ಆರು ಬೇರೆ ಬೇರೆ ಸ್ಪೀಕರ್‌ಗಳಿಗೆಂದು ಬಂದ ಧ್ವನಿಯನ್ನು ಎರಡಕ್ಕೆ ಇಳಿಸಿ ಕೊಡುವುದರಿಂದ, ಮಧ್ಯದ ಸ್ಪೀಕರ್‌ಗೆ ಸೇರಬೇಕಾದ ಸಂಭಾಷಣೆಯೂ ಎಡ ಬಲ ಎರಡರಲ್ಲೂ ಸಮನಾಗಿ ಬರುತ್ತದೆ.

ನಿಮ್ಮಲ್ಲಿರುವುದು ಎಚ್‌ಡಿಎಂಐ ಇರುವ ರಿಸೀವರ್ (ಹಲವು ಸ್ಪೀಕರ್‌ಗಳನ್ನು ನಡೆಸುವ ಹೋಮ್ ಥಿಯೇಟರ್ ಆ್ಯಂಪ್ಲಿಫೈಯರ್) ಆದರೆ ಎಆರ್‌ಸಿ ಎಂಬ ಅಕ್ಷರಗಳನ್ನು ಟಿವಿ ಮತ್ತು ರಿಸೀವರ್ ಎರಡರ ಹಿಂಬದಿಯಲ್ಲೂ ಹುಡುಕಿ. 2009ರ ಎಚ್‌ಡಿಎಂಐ 1.4 ಆವೃತ್ತಿಯಲ್ಲಿ ಬಂದ ಈ ಸೌಲಭ್ಯದಿಂದ ಟಿವಿಯ ಧ್ವನಿ ಅದೇ ಎಚ್‌ಡಿಎಂಐ ಕೇಬಲ್‌ನಲ್ಲಿ ಹಿಮ್ಮುಖವಾಗಿ ರಿಸೀವರ್‌ಗೆ ಹರಿಯುತ್ತದೆ, ಟಿವಿಯ ರಿಮೋಟಿನಿಂದಲೇ ವಾಲ್ಯೂಮ್ ನಿಯಂತ್ರಿಸಬಹುದು. ಟಿವಿಯಲ್ಲಿ ಸಾಮಾನ್ಯವಾಗಿ ಒಂದೇ ಸಾಕೆಟ್‌ಗೆ ಇದು ಇರುತ್ತದೆ, ಜೊತೆಗೆ ಮೆನುವಿನಲ್ಲಿ, ಸಾಧನಗಳು ಒಂದನ್ನೊಂದು ನಿಯಂತ್ರಿಸಲು ಬಿಡುವ ಸಿಇಸಿ ಆಯ್ಕೆಯನ್ನು ಆನ್ ಮಾಡಬೇಕಾಗುತ್ತದೆ. 2017ರ ಎಚ್‌ಡಿಎಂಐ 2.1 ಆವೃತ್ತಿಯೊಂದಿಗೆ ಬಂದ ಇ-ಎಆರ್‌ಸಿ, ಬ್ಲೂ-ರೇ ಡಿಸ್ಕ್‌ಗಳ ಪೂರ್ಣ ಗುಣಮಟ್ಟದ ಧ್ವನಿಯನ್ನೂ ಒಯ್ಯುತ್ತದೆ. ಸ್ಟ್ರೀಮಿಂಗ್ ಮಾತ್ರ ನೋಡುವವರಿಗೆ ಅದಕ್ಕಾಗಿ ಹೆಚ್ಚುವರಿ ಹಣ ಕೊಡುವ ಅಗತ್ಯವಿಲ್ಲ. ಬ್ಲೂಟೂತ್ ಸಂಗೀತಕ್ಕೆ ಅನುಕೂಲ, ಸಿನಿಮಾಕ್ಕೆ ಅಲ್ಲ, ಏಕೆಂದರೆ ಧ್ವನಿ ತಡವಾಗಿ ತಲುಪಿ ತುಟಿಯ ಚಲನೆಗೂ ಮಾತಿಗೂ ತಾಳೆಯಾಗುವುದಿಲ್ಲ.

ಜೋಡಿಸಿದ ಮೇಲೆ ಗುಂಯ್ ಎಂಬ ಸದ್ದು ಬರತೊಡಗಿದರೆ ಟಿವಿಗೆ ಬರುವ ಕೇಬಲ್ ಅಥವಾ ಡಿಶ್‌ನ ವೈರನ್ನು ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಬೇರೆ ಬೇರೆ ಕಡೆ ಅರ್ತ್ ಆದ ಸಾಧನಗಳ ನಡುವೆ ಕೇಬಲ್ ಮೂಲಕ ಹರಿಯುವ ಅನಗತ್ಯ ವಿದ್ಯುತ್. ಆಪ್ಟಿಕಲ್ ಕೇಬಲ್ ವಿದ್ಯುತ್ತನ್ನು ಹಾಯಿಸುವುದಿಲ್ಲವಾದ್ದರಿಂದ ಅದನ್ನು ಬಳಸಿದವರಿಗೆ ಈ ಕಾಟ ಕಡಿಮೆ. ಉಳಿದವರು ಗ್ರೌಂಡ್ ಲೂಪ್ ಐಸೊಲೇಟರ್ ಹಾಕಬೇಕು. ಪ್ಲಗ್‌ನ ಅರ್ತ್ ಪಿನ್ ಮುರಿದು ಸದ್ದು ನಿಲ್ಲಿಸುವವರಿದ್ದಾರೆ. ಜೀವಕ್ಕೆ ಅಪಾಯ ತರುವ ಆ ಕೆಲಸವನ್ನು ದಯವಿಟ್ಟು ಮಾಡಬೇಡಿ.

ಐದನೆಯ ಹಂತ: ಟಿವಿಗೆ ಹೊಸ ಮಿದುಳು

ಸ್ಮಾರ್ಟ್ ಟಿವಿ ನಿಧಾನವಾಗಿದೆ ಎಂಬ ಕಾರಣಕ್ಕೆ ಟಿವಿಯನ್ನೇ ಬದಲಿಸುವುದು ದುಂದು. ಎಚ್‌ಡಿಎಂಐ ಸಾಕೆಟ್ ಇರುವ ಯಾವ ಟಿವಿಗೂ ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದರೆ ಆ್ಯಪ್‌ಗಳೆಲ್ಲ ಅದರಲ್ಲೇ ನಡೆಯುತ್ತವೆ, ಟಿವಿ ಬರಿಯ ಪರದೆಯಾಗುತ್ತದೆ. ಸ್ಟಿಕ್‌ಗೆ ವಿದ್ಯುತ್ತನ್ನು ಅದರ ಜೊತೆ ಬಂದ ಅಡಾಪ್ಟರ್‌ನಿಂದಲೇ ಕೊಡಿ. ಹಳೆಯ ಟಿವಿಯ ಯುಎಸ್‌ಬಿ ಕಿಂಡಿ ಸಾಮಾನ್ಯವಾಗಿ 500 ಮಿಲಿಆಂಪಿಯರ್‌ಗಿಂತ ಹೆಚ್ಚು ಕೊಡಲಾರದು. ಸಿನಿಮಾ ನಡುವೆ ಸ್ಟಿಕ್ ತಾನಾಗಿ ರೀಸ್ಟಾರ್ಟ್ ಆಗುವುದಕ್ಕೆ ಇದೇ ಕಾರಣವಾಗಿರಬಹುದು. ಟಿವಿ 1080ಪಿ ಆಗಿದ್ದರೆ, ಅದಕ್ಕಿಂತ ಹೆಚ್ಚು ಚುಕ್ಕಿಗಳ ಚಿತ್ರ ಕೊಡುವ 4ಕೆ ಸ್ಟಿಕ್ ಕೊಳ್ಳುವ ತುರ್ತಿಲ್ಲ, ಆದರೆ ಮುಂದೆ ಟಿವಿ ಬದಲಿಸುವ ಯೋಚನೆಯಿದ್ದು ಬೆಲೆಯ ವ್ಯತ್ಯಾಸ ಅಲ್ಪವಾಗಿದ್ದರೆ ಕೊಳ್ಳಬಹುದು. ಟಿವಿಯ ಹಿಂದೆ ಲೋಹದ ಮರೆಯಲ್ಲಿ ವೈಫೈ ದುರ್ಬಲವಾಗುವುದರಿಂದ, ಸ್ಟಿಕ್ ಜೊತೆ ಬರುವ ಚಿಕ್ಕ ಎಚ್‌ಡಿಎಂಐ ವಿಸ್ತರಣೆಯ ತುಂಡನ್ನು ಬಳಸಿ.

ಆರನೆಯ ಹಂತ: ಧ್ವನಿಗಾಗಿ ಏನನ್ನಾದರೂ ಕೊಳ್ಳಲೇಬೇಕಾದರೆ

ಇಷ್ಟಾದ ಮೇಲೂ ಕೊರತೆ ಕಂಡರೆ ಮೊದಲು ಸ್ಪೀಕರ್‌ಗೆ ಹಣ ಹಾಕಿ, ವ್ಯಾಟ್‌ಗಳಿಗಲ್ಲ. ಧ್ವನಿ 3 ಡೆಸಿಬೆಲ್ ಏರಬೇಕಾದರೆ ಆ್ಯಂಪ್ಲಿಫೈಯರ್‌ನ ಶಕ್ತಿ ಇಮ್ಮಡಿಯಾಗಬೇಕು. ಕಿವಿಗೆ ಇಮ್ಮಡಿ ಜೋರಾಗಿ ಕೇಳಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಹಾಗಾಗಿ 50 ವ್ಯಾಟ್‌ನಿಂದ 100 ವ್ಯಾಟ್‌ಗೆ ಹೋದರೆ ಆಗುವ ಬದಲಾವಣೆ ಅಲ್ಪ. ಅದೇ 87 ಡೆಸಿಬೆಲ್ ಸೆನ್ಸಿಟಿವಿಟಿಯ (ಕೊಟ್ಟ ಶಕ್ತಿಗೆ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಅಳತೆ) ಸ್ಪೀಕರ್ ಬದಲು 90ರದ್ದನ್ನು ತಂದರೆ ಆ್ಯಂಪ್ಲಿಫೈಯರನ್ನು ಮುಟ್ಟದೆಯೇ ಅಷ್ಟೇ ಲಾಭ ಸಿಗುತ್ತದೆ. ಸ್ಪೀಕರ್‌ನ ಓಮ್ ಸಂಖ್ಯೆ ಆ್ಯಂಪ್ಲಿಫೈಯರ್‌ನ ಹಿಂಬದಿಯಲ್ಲಿ ಬರೆದ ಕನಿಷ್ಠ ಸಂಖ್ಯೆಗಿಂತ ಕಡಿಮೆ ಇರಬಾರದು.

ಬಳಸಿದ ಸ್ಪೀಕರ್‌ಗಳನ್ನು ಕೊಳ್ಳಲು ನಾನು ಹಿಂಜರಿಯುವುದಿಲ್ಲ; ಒಂದೇ ಮೊತ್ತಕ್ಕೆ ಹೊಸದಕ್ಕಿಂತ ಎಷ್ಟೋ ಮೇಲ್ದರ್ಜೆಯದು ಸಿಗುತ್ತದೆ. ಹೋಗುವಾಗ ಚೆನ್ನಾಗಿ ಪರಿಚಯವಿರುವ ಒಂದು ಹಾಡನ್ನು ಮೊಬೈಲ್‌ನಲ್ಲಿ ಒಯ್ಯಿರಿ, ಬಟ್ಟೆ ತೆಗೆಸಿ ಅಂಚು ನೋಡಿ, ಕಿವಿಯನ್ನು ಪ್ರತಿ ಟ್ವೀಟರ್‌ನ ಹತ್ತಿರ ಒಯ್ದು ಅದು ಹಾಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬಳಸಿದ ರಿಸೀವರ್ ಬಗ್ಗೆ ಮಾತ್ರ ಎಚ್ಚರ ಬೇಕು: ಎಚ್‌ಡಿಎಂಐ ಇಲ್ಲದ ಹಳೆಯದು ಸ್ಟೀರಿಯೊ ಆಗಿ ಉತ್ತಮವಾಗಿ ದುಡಿಯಬಹುದು, ಆದರೆ ಚಿತ್ರವನ್ನು ಅದರ ಮೂಲಕ ಹಾಯಿಸುವ ಆಸೆ ಬೇಡ.

ಜಾಗವಿಲ್ಲದ, ವೈರುಗಳ ಗೋಜು ಬೇಡವೆನ್ನುವ ಮನೆಗೆ ಎಆರ್‌ಸಿ ಇರುವ ಸೌಂಡ್‌ಬಾರ್ ಸರಿಯಾದ ಆಯ್ಕೆ. ಸಂಗೀತವನ್ನೂ ಗಮನವಿಟ್ಟು ಕೇಳುವವರು ಅದೇ ಮೊತ್ತದಲ್ಲಿ ಎರಡು ಒಳ್ಳೆಯ ಸ್ಪೀಕರ್‌ಗಳನ್ನೇ ಆರಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಅಗ್ಗದ ಐದು ಸ್ಪೀಕರ್‌ಗಳಿಗಿಂತ ಒಳ್ಳೆಯ ಎರಡು ಮೇಲು. ಮುಂದೆ ಹಣ ಕೂಡಿದಾಗ ಅತಿ ಮಂದ್ರ ಸ್ವರಗಳಿಗೆಂದೇ ಇರುವ ಸಬ್‌ವೂಫರ್ ಸೇರಿಸಬಹುದು. ಅದನ್ನು ಎಲ್ಲಿಡಬೇಕೆಂದು ತಿಳಿಯಲು ಅದನ್ನೇ ನೀವು ಕೂರುವ ಜಾಗದಲ್ಲಿಟ್ಟು, ಮಂದ್ರ ಸ್ವರಗಳಿರುವ ಹಾಡು ಹಚ್ಚಿ, ಕೋಣೆಯ ಅಂಚಿನಲ್ಲಿ ಮಂಡಿಯೂರಿ ಸುತ್ತಿ. ಸ್ವರ ಎಲ್ಲಿ ಬಿಗಿಯಾಗಿ, ಸಮನಾಗಿ ಕೇಳಿಸುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಯಾವ ಕಂಪನಾಂಕದ ಕೆಳಗಿನ ಸ್ವರಗಳು ಸಬ್‌ವೂಫರ್‌ಗೆ ಹೋಗಬೇಕು ಎಂದು ನಿರ್ಧರಿಸುವ ಕ್ರಾಸ್‌ಓವರನ್ನು 80 ಹರ್ಟ್ಜ್‌ನಿಂದ ಆರಂಭಿಸಿ, ಧ್ವನಿ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದಷ್ಟು ಮಟ್ಟಕ್ಕೆ ವಾಲ್ಯೂಮ್ ಇಳಿಸಿ. ಮೂರು ಸ್ಪೀಕರ್‌ಗಳಿರುವ ರಿಸೀವರ್‌ನಲ್ಲಿ ಮಾತು ಇನ್ನೂ ಕ್ಷೀಣವೆನಿಸಿದರೆ ಮಧ್ಯದ ಸ್ಪೀಕರ್‌ನ ಮಟ್ಟವನ್ನು ಎರಡು ಮೂರು ಡೆಸಿಬೆಲ್ ಏರಿಸಿ. ಮಧ್ಯದ ಸ್ಪೀಕರ್ ಇಲ್ಲದಿದ್ದರೆ ಇಲ್ಲವೆಂದೇ ಮೆನುವಿನಲ್ಲಿ ತಿಳಿಸಿ, ಇಲ್ಲದಿದ್ದರೆ ಇಲ್ಲದ ಸ್ಪೀಕರ್‌ಗೆ ಸಂಭಾಷಣೆ ಹೋಗಿ ಕಳೆದುಹೋಗುತ್ತದೆ.

ಏಳನೆಯ ಹಂತ: ಕೊನೆಗೆ ಟಿವಿ

ಪರದೆಯಲ್ಲಿ ಗೆರೆಗಳು ಮೂಡಿದ್ದರೆ, ಬ್ಯಾಕ್‌ಲೈಟ್‌ನ ಒಂದು ಭಾಗ ಕಪ್ಪಾಗಿದ್ದರೆ, ಅಥವಾ ಗಾತ್ರ ನಿಜಕ್ಕೂ ಸಾಲದಾಗಿದ್ದರೆ ಹೊಸ ಟಿವಿಯ ಕಾಲ ಬಂದಿದೆ. ಮೊದಲು ಟೇಪು ಹಿಡಿದು ಕೂರುವ ದೂರವನ್ನು ಅಳೆಯಿರಿ. ಪರದೆಯ ಕರ್ಣದ 1.6 ಪಟ್ಟು ದೂರದಲ್ಲಿ ಕುಳಿತರೆ ಅದು ಕಣ್ಣಿಗೆ ಸುಮಾರು 30 ಡಿಗ್ರಿ ಅಗಲವನ್ನು ತುಂಬುತ್ತದೆ. 55 ಇಂಚಿಗೆ ಇದು ಸುಮಾರು 2.2 ಮೀಟರ್, 65 ಇಂಚಿಗೆ 2.6 ಮೀಟರ್. ಸಾಮಾನ್ಯ ದೃಷ್ಟಿಯವರಿಗೆ 55 ಇಂಚಿನ 1080ಪಿ ಪರದೆಯ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುವುದು ನಿಲ್ಲುವುದೂ ಹೆಚ್ಚುಕಡಿಮೆ ಅದೇ 2.2 ಮೀಟರ್ ಸುಮಾರಿಗೆ. ಮೂರು ಮೀಟರ್ ಆಚೆ ಕುಳಿತು 43 ಇಂಚಿನ ಟಿವಿ ನೋಡುವವರಿಗೆ 4ಕೆ ಎಂಬ ಅಕ್ಷರದಿಂದ ಸ್ಪಷ್ಟತೆ ಹೆಚ್ಚುವುದಿಲ್ಲ. ಅವರು ಗಾತ್ರವನ್ನು ಹೆಚ್ಚಿಸಬೇಕು ಅಥವಾ ಕುರ್ಚಿಯನ್ನು ಮುಂದಕ್ಕೆ ಎಳೆಯಬೇಕು. ಕಪ್ಪು ಎಷ್ಟು ಕಪ್ಪಾಗಿ ಕಾಣುತ್ತದೆ, ಪಕ್ಕದಿಂದ ನೋಡಿದಾಗ ಬಣ್ಣ ಮಾಸುತ್ತದೆಯೇ ಎಂಬುದು ಚುಕ್ಕಿಗಳ ಸಂಖ್ಯೆಗಿಂತ ಮುಖ್ಯ. ಹೆಚ್ಚು ಪ್ರಖರ ಬೆಳಕನ್ನೂ ಗಾಢ ನೆರಳನ್ನೂ ತೋರಿಸುವ ಭರವಸೆಯ ಎಚ್‌ಡಿಆರ್ ಎಂಬ ಮುದ್ರೆ ಅಗ್ಗದ ಟಿವಿಗಳ ಮೇಲೂ ಇರುತ್ತದೆ; ಪರದೆಗೆ ಸಾಕಷ್ಟು ಪ್ರಖರತೆ ಇಲ್ಲದಿದ್ದರೆ ಅದರಿಂದ ಕಣ್ಣಿಗೆ ಸಿಗುವುದು ಬಹಳ ಕಡಿಮೆ. ಹಿಂದಿನ ವರ್ಷದ ಮಾದರಿಯನ್ನು ಹೊಸ ಮಾದರಿ ಬಂದ ಮೇಲೆ ಕೊಳ್ಳುವುದು ಎಲ್ಲಕ್ಕಿಂತ ಸುಲಭದ ಉಳಿತಾಯ.

ಕೊಳ್ಳುವ ಮೊದಲು ಟಿವಿಯ ಹಿಂಬದಿಯ ಚಿತ್ರ ನೋಡಿ ಆಪ್ಟಿಕಲ್ ಅಥವಾ ಎಆರ್‌ಸಿ ಔಟ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ನಿಮ್ಮ ಹಳೆಯ ಸ್ಪೀಕರ್‌ಗಳ ಭವಿಷ್ಯ ಅದರ ಮೇಲಿದೆ. ಮನೆಗೆ ಬಂದ ದಿನವೇ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಕೋಣೆ ಕತ್ತಲು ಮಾಡಿ ಪೂರ್ಣ ಕಪ್ಪು, ಪೂರ್ಣ ಬಿಳಿ ಚಿತ್ರಗಳನ್ನು ಹಾಕಿ ಸತ್ತ ಚುಕ್ಕಿಗಳಿವೆಯೇ, ಮೂಲೆಗಳಿಂದ ಬೆಳಕು ಸೋರುತ್ತಿದೆಯೇ ಎಂದು ನೋಡಿ. ಆಮೇಲೆ ಪಿಸಿಎಂ ಅಥವಾ ಎಆರ್‌ಸಿ ಸೆಟ್ಟಿಂಗನ್ನು ಹೊಸ ಟಿವಿಯಲ್ಲಿ ಮತ್ತೆ ಮಾಡಿ, ಟಿವಿಯ ಸ್ವಂತ ಸ್ಪೀಕರ್‌ಗಳನ್ನು ಆಫ್ ಮಾಡಿ, ಮುಖವನ್ನು ಹತ್ತಿರದಿಂದ ತೋರಿಸುವ ಸಂಭಾಷಣೆಯ ದೃಶ್ಯವೊಂದನ್ನು ಹಾಕಿ. ತುಟಿಗಿಂತ ಮಾತು ಮೊದಲು ಬಂದರೆ ಆಡಿಯೊ ಡಿಲೇ ಅಥವಾ ಲಿಪ್ ಸಿಂಕ್ ಎಂಬ ಆಯ್ಕೆಯಲ್ಲಿ 10 ಮಿಲಿಸೆಕೆಂಡಿನಂತೆ ಏರಿಸುತ್ತಾ, ಎರಡೂ ಕೂಡುವವರೆಗೆ ಹೊಂದಿಸಿ.